ಏಳು ಮತ್ತು ಸೊನ್ನೆ ಏಳು

ಆ ಕಿವಿ ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಟ್ಯಾಗಮ್ಮ. ಇಪ್ಪತ್ತೊಂದು ವರ್ಷದ ಹಿಂದೆ ಆಸ್ಪತ್ರೆಗೆ ಕಂಪ್ಯೂಟರು ಬಂದಾಗ, ನೋಂದಣಿಯಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ಪರದೆಯ ಮೇಲೆ ಕಾಣುವ ನೂರಾ ಎಂಬತ್ತಾರು ಪುಟಗಳನ್ನೂ ಬರೆದವಳು ಆಕೆಯೇ. ಒಂದೊಂದು ಪುಟದ ಹೊಟ್ಟೆಯೊಳಗೂ ಟ್ಯಾಗುಗಳಿರುತ್ತವೆ. ಚೂಪು ಕಂಸದ ನಡುವೆ ಕೂತ ಪುಟ್ಟ ಪುಟ್ಟ ಅಪ್ಪಣೆಗಳು ಅವು. ಈ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಾಲು ಬರೆ ಎನ್ನುತ್ತದೆ ಒಂದು. ಇದೂ ಅದೂ ಒಂದೇ ಆಗಿದ್ದರೆ ತೋರಿಸು, ಇಲ್ಲದಿದ್ದರೆ ಬಿಟ್ಟುಬಿಡು ಎನ್ನುತ್ತದೆ ಇನ್ನೊಂದು. ಯಾವ ಪುಟದಲ್ಲಿ ಯಾವ ಟ್ಯಾಗು ಎಷ್ಟನೇ ಸಾಲಿನಲ್ಲಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆಕೆ ತಡವರಿಸದೆ ಹೇಳುತ್ತಿದ್ದಳು.

ಆಕೆಯ ಕೆಲಸಕ್ಕಿಂತ ಹೆಚ್ಚು ಹೆಸರಾದದ್ದು ಆಕೆಯ ಅನುಮಾನ. ಯಾರಾದರೂ "ಎಲ್ಲಾ ಸರಿ ಇದೆ ಮೇಡಂ" ಎಂದರೆ ಸಾಕು, ಹುಬ್ಬು ಹಣೆಗೇರುತ್ತಿತ್ತು. ಏನೂ ಸರಿ ಇಲ್ಲದಿದ್ದಾಗಲೇ ಜನ ಆ ಮಾತು ಆಡುವುದು ಎಂದು ಆಕೆಯ ನಂಬಿಕೆ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವಳು, ಆಮೇಲೆ ಗಂಡನ ಕೈಯಲ್ಲೂ ಒಂದು ಸಲ ಎಳೆಸುವಳು. ಬಸ್ ಓಡಿಸಿ ನಿವೃತ್ತನಾದ ಗಂಡ ನಗುತ್ತಲೇ ಎಳೆಯುತ್ತಿದ್ದ. "ನಿನ್ನ ಅನುಮಾನಕ್ಕೆ ಕುರ್ಚಿ ಹಾಕಿ ಕೂರಿಸೋ ಆಸ್ಪತ್ರೆ ಸಿಕ್ಕಿದ್ದು ನನ್ನ ಪುಣ್ಯ. ಇಲ್ದಿದ್ರೆ ಅಷ್ಟನ್ನೂ ನಾನೊಬ್ಬನೇ ತಡ್ಕೋಬೇಕಿತ್ತು" ಎನ್ನುತ್ತಿದ್ದ. ಆಸ್ಪತ್ರೆಗೂ ಅದು ಪುಣ್ಯವೇ ಆಗಿತ್ತು. ಇಪ್ಪತ್ತೊಂದು ವರ್ಷದಲ್ಲಿ ಒಬ್ಬ ರೋಗಿಯ ವರದಿ ಇನ್ನೊಬ್ಬನ ಕೈಗೆ ಹೋದ ಒಂದೇ ಒಂದು ಪ್ರಸಂಗ ನಡೆದಿರಲಿಲ್ಲ.

ಹೀಗಿರುವಾಗ ಹೊರಗಿನಿಂದ ಪರಿಶೀಲನೆಗೆ ಬಂದವರು ಒಂದು ಷರಾ ಬರೆದು ಹೋದರು. ಈ ಪುಟಗಳಲ್ಲಿರುವ ಹಳೆಯ ಟ್ಯಾಗುಗಳನ್ನು ಮಾಡಿದವರೇ ಎಂದೋ ಕೈಬಿಟ್ಟಿದ್ದಾರೆ. ತೂತು ಬಿದ್ದರೆ ತೇಪೆ ಹಾಕುವವರೂ ಇಲ್ಲ. ಈಗ ಎಲ್ಲರೂ ಬಳಸುವ ಹೊಸ ಟ್ಯಾಗುಗಳನ್ನು ಮೂರು ತಿಂಗಳೊಳಗೆ ಹಾಕತಕ್ಕದ್ದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಟ್ಯಾಗಮ್ಮನಿಗೂ ಅದು ಗೊತ್ತಿತ್ತು. ಆದರೆ ಕೆಲಸವನ್ನು ಆಕೆಗೆ ಕೊಡದೆ ಹೊರಗಿನ ಕಂಪನಿಗೆ ಕೊಟ್ಟದ್ದು ಯಾಕೆ ಎಂಬುದು ಗೊತ್ತಾಗಲಿಲ್ಲ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಹದಿನಾಲ್ಕು ತಿಂಗಳಿದ್ದವಳನ್ನು ಪಕ್ಕಕ್ಕೆ ಸರಿಸಲು ಇದೊಂದು ನೆಪವೇನೋ ಎಂದು ಆಕೆ ಮನಸ್ಸಿನಲ್ಲೇ ಗಂಟು ಹಾಕಿದಳು.

ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ಕಂಪನಿಯ ಮನುಷ್ಯನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು.

"ಟ್ಯಾಗಮ್ಮ, ಇವರು ಬಂದಿದಾರೆ ನೋಡಿ, ಹೊಸ ಟ್ಯಾಗ್ ಹಾಕೋಕೆ. ಪರಿಚಯ ಮಾಡ್ಕೊಳ್ಳಿ."

"ಪರಿಚಯ ಇದೆ," ಎಂದಳು ಟ್ಯಾಗಮ್ಮ.

"ಹೌದಾ? ಹೇಗೆ?"

"ನನ್ನ ಮಗಳ ಗಂಡ."

ಮುಖ್ಯಸ್ಥರು ಗಹಗಹಿಸಿ ನಕ್ಕರು. "ಒಳ್ಳೇದೇ ಆಯ್ತು ಬಿಡಿ, ಮನೆ ಮಂದೀನೇ ಬಂದಂಗಾಯ್ತು!" ಟ್ಯಾಗಮ್ಮ ನಗಲಿಲ್ಲ. ಹಿಂದಿನ ದಿನವಷ್ಟೇ ಅಳಿಯ ಮನೆಗೆ ಬಂದು ಹೊಟ್ಟೆತುಂಬ ಉಂಡು ಹೋಗಿದ್ದ. ಈ ವಿಷಯ ತುಟಿ ದಾಟಿರಲಿಲ್ಲ.

"ಕಂಪನಿಯೋರು ಕಳಿಸಿದ್ರು ಅತ್ತೆ..." ಎಂದವನು ನಾಲಿಗೆ ಕಚ್ಚಿಕೊಂಡು, "ಮೇಡಂ," ಎಂದು ತಿದ್ದಿಕೊಂಡ. "ನಂಗೂ ಶನಿವಾರ ಸಂಜೆನೇ ಗೊತ್ತಾಗಿದ್ದು."

"ನಿನ್ನೆ ಭಾನುವಾರ," ಎಂದಳು ಆಕೆ.

ಅಳಿಯ ಚೀಲ ಇಟ್ಟುಕೊಳ್ಳಲು ಜಾಗ ಹುಡುಕತೊಡಗಿದ. ಆಕೆಯ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಆಮೇಲಿನ ದಿನಗಳಲ್ಲಿ ಅದಕ್ಕೆ ಗೊಬ್ಬರ ನೀರು ತಾನಾಗಿಯೇ ಸಿಕ್ಕಿತು. ಆಕೆಯ ಮೇಜಿಗೂ ಅವನ ಮೇಜಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಕಪಾಟು ಮಾತ್ರ. ಆಕೆ ಎದ್ದು ಆ ಕಡೆ ಹೋದಾಗಲೆಲ್ಲ ಅವನ ಪರದೆಯ ಮೇಲೆ ಏನೋ ಒಂದು ಥಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಅವನ ಹತ್ತಿರ ಕಪ್ಪು ರಟ್ಟಿನ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ಏನನ್ನೋ ಬರೆದು, ಬರೆದದ್ದನ್ನೇ ಹೊಡೆದು, ಊಟಕ್ಕೆ ಹೋಗುವಾಗಲೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ವಾರಕ್ಕೆರಡು ಸಲ ಮುಖ್ಯಸ್ಥರ ಕೋಣೆಗೆ ಹೋಗುತ್ತಿದ್ದ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಆ ಬಾಗಿಲಿನ ಮುಂದೆ ಹಾದುಹೋಗುವಾಗ "ಹಳೇದು ಒಂದೂ ಉಳೀಬಾರ್ದು" ಎಂಬ ಮುಖ್ಯಸ್ಥರ ಮಾತು ಕಿವಿಗೆ ಬಿತ್ತು. ಹಳೆಯದು ಎಂದರೆ ಟ್ಯಾಗೋ ತಾನೋ ಎಂದು ಆಕೆ ಮೆಟ್ಟಿಲ ಬಳಿ ನಿಂತು ಯೋಚಿಸಿದಳು. ಎರಡೂ ಇರಬಹುದು ಅನ್ನಿಸಿತು.

ಮನೆಯಲ್ಲಿ ಗಂಡನ ಮುಂದೆ ಬಾಯಿ ಬಿಟ್ಟಳು. "ಅವನು ನನ್ನ ತಪ್ಪುಗಳನ್ನ ಪಟ್ಟಿ ಮಾಡ್ತಿದಾನೆ. ಬೇಕಾದ್ರೆ ಬರ್ಕೊಡ್ತೀನಿ."

"ಅಳಿಯನಿಗೆ ಅತ್ತೆ ತಪ್ಪು ಪಟ್ಟಿ ಮಾಡೋಕೆ ಕಂಪನಿ ಯಾಕೆ ಬೇಕು? ಅದನ್ನ ಎಲ್ಲಾ ಅಳಿಯಂದ್ರೂ ಪುಕ್ಕಟೆ ಮಾಡ್ತಾರೆ," ಎಂದ ಗಂಡ.

"ನಿಮಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ ಕಣೇ. ಅನುಮಾನ ಇದ್ರೆ ಕೇಳ್ಬಿಡು. ನೇರವಾಗಿ."

ಕೇಳುವ ಜಾಯಮಾನ ಆಕೆಯದಾಗಿರಲಿಲ್ಲ. ಕೇಳಿದರೆ ಎದುರಿನವರು ಎಚ್ಚರಾಗುತ್ತಾರೆ. ಸುಮ್ಮನೆ ನೋಡಬೇಕು ಎಂಬುದು ಆಕೆಯ ರೀತಿ. ಅಳಿಯ ಎಂಟೂವರೆಗೆ ಬರುತ್ತಿದ್ದ. ಆಕೆ ಏಳೂವರೆಗೇ ಬಂದು, ಹಿಂದಿನ ದಿನ ಅವನು ಬದಲಾಯಿಸಿದ ಪುಟಗಳನ್ನೆಲ್ಲ ಒಂದೊಂದು ಸಾಲೂ ಬಿಡದೆ ಓದತೊಡಗಿದಳು. ತಪ್ಪು ಸಿಕ್ಕೀತು ಎಂಬ ಆಸೆಯಿಂದಲೇ ಓದಿದಳು. ಒಂದು ವಾರ, ಎರಡು ವಾರ, ಐದು ವಾರ ಏನೂ ಸಿಗಲಿಲ್ಲ. ಅವನು ಕೆಲಸಗಾರನೇ. ಆಕೆ ಎರಡು ಹಳೆಯ ಟ್ಯಾಗಿನಲ್ಲಿ ಸುತ್ತಿ ಬಳಸಿ ಹೇಳಿದ್ದನ್ನು ಅವನು ಒಂದು ಹೊಸ ಟ್ಯಾಗಿನಲ್ಲಿ ಚೊಕ್ಕವಾಗಿ ಹೇಳಿದ್ದ. ಅದು ಆಕೆಯನ್ನು ಇನ್ನಷ್ಟು ಉರಿಸಿತು.

ಆರನೇ ವಾರದ ಗುರುವಾರ ಸಿಕ್ಕಿತು.

ಅದು ಕಾಯುವವರ ಪಟ್ಟಿಯ ಪುಟ. ಕೆಳಗಿನ ಹಜಾರದಲ್ಲಿ ಪ್ರತಿ ಕೊಠಡಿಯ ಮುಂದೆಯೂ ಒಂದು ಪರದೆ ಇದೆ. ಒಳಗೆ ವೈದ್ಯರ ಮೇಜಿನ ಮೇಲೂ ಅದೇ ಪಟ್ಟಿ. ಕಿವಿ ಆಸ್ಪತ್ರೆಯಲ್ಲಿ ಹೆಸರು ಕೂಗಿ ಪ್ರಯೋಜನವಿಲ್ಲ. ಬಂದವರಲ್ಲಿ ಅರ್ಧ ಜನಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಪರದೆ ನೋಡುತ್ತ ಕೂರುತ್ತಾರೆ. ರೋಗಿಯ ಚೀಟಿಯಲ್ಲಿ ಬರೆದ ಕೊಠಡಿಯ ಸಂಖ್ಯೆಯೂ ಪರದೆಯ ಕೊಠಡಿಯ ಸಂಖ್ಯೆಯೂ ಒಂದೇ ಆಗಿದ್ದರೆ ಹೆಸರು ಬರುತ್ತದೆ. ಆ ಹೋಲಿಕೆಯನ್ನು ಮಾಡುತ್ತಿದ್ದದ್ದು ಲಾಜಿಕ್-ಈಕ್ವಲ್ ಎಂಬ ಹಳೆಯ ಟ್ಯಾಗು. ಅದಕ್ಕೊಂದು ಗುಣವಿತ್ತು. ಎರಡು ಕಡೆಯೂ ಅಂಕೆಗಳಂತೆ ಕಂಡರೆ ಅವನ್ನು ಲೆಕ್ಕದ ಸಂಖ್ಯೆಗಳೆಂದೇ ತಿಳಿಯುತ್ತಿತ್ತು. ಅದರ ಕಣ್ಣಿಗೆ ಏಳೂ ಒಂದೇ, ಸೊನ್ನೆ ಏಳೂ ಒಂದೇ. ಅಳಿಯ ಅದರ ಜಾಗದಲ್ಲಿ ಸಿ-ಇಫ್ ಎಂಬ ಹೊಸ ಟ್ಯಾಗು ಹಾಕಿದ್ದ. ಎರಡೂ ಕಡೆ ಅಕ್ಷರವಾಗಿ ಬಂದದ್ದನ್ನು ಅದು ಅಕ್ಷರವಾಗಿಯೇ ಹೋಲಿಸುತ್ತದೆ. ಒಂದರಲ್ಲಿ ಒಂದು ಅಕ್ಷರ, ಇನ್ನೊಂದರಲ್ಲಿ ಎರಡು. ಹೇಗೆ ಒಂದಾದೀತು?

ನೋಂದಣಿಗೆ ಎರಡು ಕಿಟಕಿಗಳಿದ್ದವು. ಎರಡನೇ ಕಿಟಕಿಯವನು ಸುಮ್ಮನೆ ಏಳು ಎಂದು ಒತ್ತುತ್ತಿದ್ದ. ಒಂದನೇ ಕಿಟಕಿಯಲ್ಲಿ, ಹಿಂದೆ ಬಂದುಹೋಗಿದ್ದವರನ್ನು ಮಾತ್ರ ನೋಡಿಕೊಳ್ಳುವ ಹಿರಿಯ ಗುಮಾಸ್ತೆ ಇದ್ದಳು. ಹಳೆಯ ಚೀಟಿಯಲ್ಲಿ ಕೊಠಡಿಗೆಂದು ಎರಡು ಚೌಕವಿದ್ದ ಕಾಲದಲ್ಲಿ ಕೆಲಸ ಕಲಿತವಳು. ಒಂದು ಚೌಕ ಖಾಲಿ ಬಿಡುವುದು ಆಕೆಯ ಕೈಗೆ ಆಗದ ಕೆಲಸ. ಸೊನ್ನೆ ಏಳು ಎಂದೇ ಒತ್ತುತ್ತಿದ್ದಳು. ಅಳಿಯ ಪುಟವನ್ನು ಪರೀಕ್ಷಿಸಲು ಹಾಕಿಕೊಂಡಿದ್ದ ಸುಳ್ಳು ರೋಗಿಗಳೆಲ್ಲ ಬರೀ ಏಳಿನವರು. ಅವರ ಹೆಸರೆಲ್ಲ ಚಂದವಾಗಿ ಬರುತ್ತಿತ್ತು.

ಟ್ಯಾಗಮ್ಮ ಕುರ್ಚಿಗೆ ಒರಗಿದಳು. ಎದೆಯೊಳಗೆ ಏನೋ ಒಂದು ಹಗುರವಾಯಿತು. ಆ ಹಗುರ ಆಕೆಗೇ ಅಷ್ಟು ಹಿತವೆನಿಸಲಿಲ್ಲ, ಆದರೆ ಇಲ್ಲವೆನ್ನಲೂ ಆಗಲಿಲ್ಲ.

ಪುಟ ನಿಜವಾದ ಬಳಕೆಗೆ ಹೋಗುವುದು ಸೋಮವಾರ. ನಡುವೆ ಕೆಲಸದ ದಿನ ಇನ್ನೂ ಎರಡಿತ್ತು. ಕೇಳಲಿ, ಹೇಳುತ್ತೇನೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಅವನು ಕೇಳಲಿಲ್ಲ. ಶುಕ್ರವಾರ ಮಧ್ಯಾಹ್ನ ಕಪಾಟಿನ ಪಕ್ಕಕ್ಕೆ ಬಂದು ನಿಂತ, ಬಾಯಿ ತೆರೆದ, ಆಮೇಲೆ ನೀರಿನ ಬಾಟಲಿ ಎತ್ತಿಕೊಂಡು ಹೊರಟ.

"ಏನಾದ್ರೂ ಕೇಳೋದಿತ್ತಾ?" ಎಂದಳು ಆಕೆ, ತಲೆಯೆತ್ತದೆ.

"ಇಲ್ಲ ಮೇಡಂ. ಎಲ್ಲಾ ಸರಿ ಇದೆ."

ಆ ಮಾತು ಕೇಳಿದ್ದೇ ಆಕೆಯ ಬಾಯಿಗೆ ಬೀಗ ಬಿತ್ತು. ಸರಿ ಇದೆಯಂತೆ. ನೋಡೋಣ. ಆಗುವುದಾದರೂ ಏನು? ಪಟ್ಟಿಯಲ್ಲಿ ಹೆಸರು ಇಲ್ಲ ಎಂದು ಯಾರಾದರೂ ಕಿಟಕಿಗೆ ಹೋಗುತ್ತಾರೆ. ಕಿಟಕಿಯಿಂದ ಮೇಲಕ್ಕೆ ಫೋನು ಬರುತ್ತದೆ. ಹತ್ತು ನಿಮಿಷದಲ್ಲಿ ಹಳೆಯ ಪುಟ ವಾಪಸು. ಯಾರಿಗೂ ಏಟಿಲ್ಲ, ಒಬ್ಬನ ಮೂಗು ಒಂಚೂರು ಮೊಂಡಾಗುತ್ತದೆ, ಅಷ್ಟೆ.

ಸೋಮವಾರ ಎಂಟು ಗಂಟೆಗೆ ಹೊಸ ಪುಟ ಬಳಕೆಗೆ ಬಂತು. ಟ್ಯಾಗಮ್ಮ ಫೋನಿನ ಕಡೆಗೆ ಕಿವಿ ಕೊಟ್ಟು ಕೂತಳು. ಒಂಬತ್ತಾಯಿತು. ಹತ್ತಾಯಿತು. ಫೋನು ಕಮಕ್ ಕಿಮಕ್ ಎನ್ನಲಿಲ್ಲ. ಹನ್ನೊಂದಕ್ಕೆ ಆಕೆಗೆ ಬೇರೆಯೇ ಅನುಮಾನ ಹತ್ತಿತು: ಯಾರಿಗೂ ತಿಳಿಯದ ಹಾಗೆ ಅಳಿಯ ಕೊನೇ ಗಳಿಗೆಯಲ್ಲಿ ಸರಿಮಾಡಿಬಿಟ್ಟನೇ? ತೆಗೆದು ನೋಡಿದಳು. ಇಲ್ಲ, ಹಾಗೇ ಇತ್ತು. ಮತ್ತೆ ಯಾಕೆ ಯಾರೂ ಉಸಿರೆತ್ತುತ್ತಿಲ್ಲ?

ಕೆಳಗೆ ನಡೆದದ್ದು ಆಕೆಗೆ ಆಮೇಲೆ ತಿಳಿಯಿತು. ಹೆಸರು ಕಾಣದವರಲ್ಲಿ ತುಸು ಕೇಳಿಸುವವರು, ಜೊತೆಗೆ ಯಾರನ್ನಾದರೂ ಕರೆತಂದವರು ಕಿಟಕಿಗೆ ಹೋಗಿ ಕೂಗಾಡಿದ್ದರು. ಗುಮಾಸ್ತೆ "ಹೊಸ ಕಂಪ್ಯೂಟರ್ ಅಲ್ವಾ, ನಿಧಾನ" ಎಂದು ಸಮಾಧಾನ ಹೇಳಿ ಆಯಾಳನ್ನು ಕರೆದಿದ್ದಳು. ಆಯಾ ಅವರ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಒಳಗೆ ವೈದ್ಯರ ಮುಂದೆ ಇಟ್ಟಿದ್ದಳು. ಕೆಲಸ ನಡೆಯಿತು. ಮೇಲಕ್ಕೆ ಫೋನು ಮಾಡಬೇಕೆಂದು ಒಬ್ಬರಿಗೂ ತೋಚಲಿಲ್ಲ.

ಒಂದೂವರೆಗೆ ಟ್ಯಾಗಮ್ಮ ತಡೆಯಲಾರದೆ ಮೆಟ್ಟಿಲಿಳಿದು ಹೋದಳು. ಬೆಳಗಿನ ಸರದಿ ಮುಗಿದು ಹಜಾರ ಖಾಲಿಯಾಗಿತ್ತು. ಆಯಾ ಕುರ್ಚಿಗಳ ಕೆಳಗೆ ಗುಡಿಸುತ್ತಿದ್ದಳು. ಏಳನೇ ಕೊಠಡಿಯ ಮುಂದಿನ ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹೆಚ್ಚುಕಡಿಮೆ ಟ್ಯಾಗಮ್ಮನದೇ ವಯಸ್ಸು. ಮಡಿಲಲ್ಲಿ ಕೈಚೀಲ, ಬೆನ್ನು ನೆಟ್ಟಗೆ, ಕನ್ನಡಕ ಮೂಗಿನ ಮೇಲೆ ಬಿಗಿಯಾಗಿ. ಗುಡಿಸುವವಳು ಬಂದಾಗ ಕಾಲು ಮೇಲೆತ್ತಿದಳೇ ಹೊರತು ಕಣ್ಣು ಪರದೆಯಿಂದ ಕದಲಲಿಲ್ಲ. ಪರದೆಯ ಮೇಲೆ "ಯಾರೂ ಬಾಕಿ ಇಲ್ಲ" ಎಂದಿತ್ತು.

"ಅಮ್ಮಾ," ಎಂದು ಕರೆದಳು ಟ್ಯಾಗಮ್ಮ. ಹೆಂಗಸು ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ಕಿವಿ ತೋರಿಸಿ ಕೈಯಾಡಿಸಿದಳು. ಆಮೇಲೆ ಚೀಲದಿಂದ ಚೀಟಿ ತೆಗೆದು ಕೊಟ್ಟಳು. ನೋಂದಣಿಯ ಸಮಯ ಎಂಟೂ ಐವತ್ತು. ಕೊಠಡಿ ಎಂಬಲ್ಲಿ ದುಂಡಗೆ, ಸ್ಪಷ್ಟವಾಗಿ, ಸೊನ್ನೆ ಏಳು.

ಹೆಂಗಸು ಅಷ್ಟರಲ್ಲಿ ಒಂದು ಪುಟ್ಟ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಬರೆದಳು: "ನನ್ನ ಹೆಸರು ಬಂದು ಹೋಯಿತಾ? ನಾನು ಕಣ್ಣು ಕೀಳಲಿಲ್ಲ. ಒಂದು ಸಲ ಸೀನು ಬಂತು, ಅಷ್ಟೆ. ಆಗ ಹೋಯಿತಾ?"

ಪುಸ್ತಕವನ್ನೂ ಪೆನ್ಸಿಲನ್ನೂ ಆಕೆಯ ಕೈಗಿತ್ತು ಉತ್ತರಕ್ಕೆ ಕಾದಳು. ಸುಮಾರು ಐದು ಗಂಟೆ ಕಾಲ, ಬಾಯಾರಿದರೂ ಏಳದೆ ಕೂತವಳು, ಕಂಪ್ಯೂಟರಿನ ಮೇಲೆ ಅನುಮಾನಪಟ್ಟಿರಲಿಲ್ಲ, ಆಸ್ಪತ್ರೆಯ ಮೇಲೆ ಅನುಮಾನಪಟ್ಟಿರಲಿಲ್ಲ. ತನ್ನ ಒಂದು ಸೀನಿನ ಮೇಲೆ ಪಟ್ಟಿದ್ದಳು. ಟ್ಯಾಗಮ್ಮ ಪೆನ್ಸಿಲ್ ಹಿಡಿದು "ಕಂಪ್ಯೂಟರ್ ತೊಂದರೆ" ಎಂದು ಬರೆದಳು. ಬರೆದದ್ದನ್ನು ನೋಡಿದಳು. ಹೊಡೆದು ಹಾಕಿದಳು. "ನಿಮ್ಮ ಹೆಸರು ಬರಲೇ ಇಲ್ಲ. ತಪ್ಪು ನಮ್ಮದು" ಎಂದು ಅದರ ಕೆಳಗೆ ಬರೆದಳು. ಒಂದು ಕ್ಷಣ ತಡೆದು, "ನಮ್ಮದು" ಎಂಬುದನ್ನು "ನನ್ನದು" ಎಂದು ತಿದ್ದಿದಳು.

ಹೆಂಗಸು ಎರಡು ಸಲ ಓದಿದಳು. ಆಮೇಲೆ ಬಾಯಿತುಂಬ ನಕ್ಕಳು. "ಸದ್ಯ. ಕಿವಿ ಹೋದ ಹಾಗೆ ಕಣ್ಣೂ ಹೋಯಿತೇನೋ ಅಂದುಕೊಂಡಿದ್ದೆ" ಎಂದು ಬರೆದು ತೋರಿಸಿದಳು.

ಅವಳು ಬಂದದ್ದು ಕಿವಿ ಮಶೀನು ಹಾಕಿಸಿಕೊಳ್ಳಲು. ನಾಲ್ಕು ತಿಂಗಳು ಕಾದ ಮೇಲೆ ಸಿಕ್ಕಿದ್ದ ಸರದಿ. ಟ್ಯಾಗಮ್ಮ ಏಳನೇ ಕೊಠಡಿಗೆ ಓಡಿದಳು. ಮಶೀನು ಕೂರಿಸುವ ತಂತ್ರಜ್ಞ ವಾರಕ್ಕೊಮ್ಮೆ, ಸೋಮವಾರ ಮಾತ್ರ ಬರುವವನು. ಒಂದು ಗಂಟೆಗೆ ಮೇಜಿನ ಮೇಲೆ ಬಟ್ಟೆ ಹೊದಿಸಿ ಹೊರಟುಹೋಗಿದ್ದ. ವೈದ್ಯರು ಶಸ್ತ್ರಚಿಕಿತ್ಸೆಗೆ ಒಳಗೆ ಹೋಗಿದ್ದರು. ಮುಂದಿನ ಸೋಮವಾರ ಬನ್ನಿ, ನಾನೇ ಇಲ್ಲಿ ನಿಂತಿರುತ್ತೇನೆ ಎಂದು ಬರೆದುಕೊಡುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಹೆಂಗಸು ತಲೆಯಾಡಿಸಿದಳು. ಎರಡು ಬಸ್ಸು ಬದಲಿಸಬೇಕು, ಪರವಾಗಿಲ್ಲ ಎಂದು ಬೆರಳಿನಲ್ಲೇ ತೋರಿಸಿ, ಚೀಲ ಎತ್ತಿಕೊಂಡು ಹೋದಳು.

ಟ್ಯಾಗಮ್ಮ ಮೇಲೆ ಬರುವಷ್ಟರಲ್ಲಿ ಆಯಾ ಬರೆದ ಕಾಗದ ಮುಖ್ಯಸ್ಥರ ಮೇಜು ತಲುಪಿತ್ತು. ಹನ್ನೊಂದು ಹೆಸರು. ಅಳಿಯ ಎದುರಿಗೆ ನಿಂತಿದ್ದ.

"ಹನ್ನೊಂದು ಜನ! ಇದನ್ನ ಪರೀಕ್ಷೆ ಅಂತಾರೇನ್ರೀ? ನಿಮ್ಮ ಕಂಪನಿಗೆ ಈಗಲೇ ಫೋನ್ ಮಾಡ್ತೀನಿ. ನಾಳೆಯಿಂದ ನೀವು ಬರೋದು ಬೇಡ," ಎಂದು ಮುಖ್ಯಸ್ಥರು ಗುಡುಗುತ್ತಿದ್ದರು.

"ಹನ್ನೆರಡು," ಎಂದಳು ಟ್ಯಾಗಮ್ಮ ಬಾಗಿಲಿನಿಂದ. "ಒಬ್ರು ಕಾಗದದಲ್ಲಿಲ್ಲ. ಆಮೇಲೆ, ಈ ತಪ್ಪು ಇರೋದು ನಂಗೆ ಗುರುವಾರನೇ ಗೊತ್ತಿತ್ತು."

"ಗೊತ್ತಿತ್ತಾ? ಗೊತ್ತಿದ್ದು?"

"ಸುಮ್ನಿದ್ದೆ."

ಮುಖ್ಯಸ್ಥರು ಕುರ್ಚಿಗೆ ಕುಸಿದರು. ಬೈಯಲು ಎತ್ತಿದ್ದ ಕೈ ಹಾಗೇ ಮೇಜಿನ ಮೇಲೆ ಇಳಿಯಿತು. "ನೀವಾ ಟ್ಯಾಗಮ್ಮ? ಕಾಗದದಲ್ಲಿ ಒಂದು ಚುಕ್ಕೆ ಹೆಚ್ಚಿದ್ರೂ ವಾಪಸ್ ಕಳ್ಸೋರು ನೀವು. ಯಾಕೆ?"

"ಇವರು ಬಂದು ಕೇಳಲಿ ಅಂತ ಕಾಯ್ತಿದ್ದೆ," ಎಂದಳು. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಆಕೆಗೇ ಕೇಳಿಸಿತು.

ಅದನ್ನು ಬರೆದುಕೊಡಿ ಎಂದರು ಮುಖ್ಯಸ್ಥರು. ಬರೆದುಕೊಟ್ಟಳು. ಆಮೇಲೆ ತನ್ನ ಮೇಜಿಗೆ ಬಂದು ಪುಟ ತೆರೆದು, ಹೊಸ ಟ್ಯಾಗಿನಲ್ಲಿ ಎರಡೂ ಕಡೆಯ ಕೊಠಡಿಗೆ ಒಂದೊಂದು ಸೊನ್ನೆ ಕೂಡಿಸಿದಳು. ಕೂಡಿಸುವ ಲೆಕ್ಕ ಬಂದ ಕೂಡಲೇ ಅಕ್ಷರ ಸಂಖ್ಯೆಯಾಗುತ್ತದೆ. ಸೊನ್ನೆ ಏಳು ಏಳಾಗುತ್ತದೆ. ಒಂದು ನಿಮಿಷದ ಕೆಲಸವೂ ಅಲ್ಲ. ಗುರುವಾರವೂ ಅದು ಒಂದು ನಿಮಿಷದ ಕೆಲಸವೂ ಆಗಿರಲಿಲ್ಲ.

ಅಳಿಯ ಕಪಾಟಿನ ಪಕ್ಕ ಬಂದು ನಿಂತ. ಕೈಯಲ್ಲಿ ಕಪ್ಪು ರಟ್ಟಿನ ಪುಸ್ತಕವಿತ್ತು. ಒಂದು ಹಾಳೆ ತೆರೆದು ಆಕೆಯ ಮುಂದಿಟ್ಟ. ಹಿಂದಿನ ಬುಧವಾರದ ತಾರೀಕು. "ಕಾಯುವವರ ಪುಟ. ಯಾರಾದ್ರೂ 07 ಅಂತ ಹಾಕಿದ್ರೆ? ಹಳೇದು ಹೇಗೆ ತೋರಿಸ್ತಿತ್ತು? ಅತ್ತೆನ ಕೇಳಬೇಕು." ಕೊನೆಯ ಎರಡು ಪದದ ಮೇಲೆ ಗೆರೆ ಎಳೆದು ಪಕ್ಕದಲ್ಲಿ "ಬೇಡ" ಎಂದು ಬರೆದಿತ್ತು. ಆಕೆ ಹಿಂದಿನ ಹಾಳೆ ತಿರುವಿದಳು. ಅದರ ಹಿಂದಿನದು. ಎಲ್ಲ ಕಡೆಯೂ ಪ್ರಶ್ನೆಗಳು, ಎಲ್ಲ ಕಡೆಯೂ "ಅತ್ತೆನ ಕೇಳಬೇಕು", ಎಲ್ಲದರ ಮೇಲೂ ಗೆರೆ.

"ಪರದೆ ಮೇಲೆ ಮುಚ್ತಿದ್ರಲ್ಲ, ಅದೇನು?" ಎಂದು ಕೇಳಿದಳು. ಆ ಹೊತ್ತಿನಲ್ಲೂ ಕೇಳದಿರಲಾಗಲಿಲ್ಲ.

"ಇಂಟರ್‌ನೆಟ್ಟಲ್ಲಿ ಗೊತ್ತಿಲ್ದೆ ಇರೋರನ್ನ ಕೇಳ್ತಿದ್ದೆ. ಹಳೇ ಟ್ಯಾಗು ಹೀಗ್ಯಾಕೆ ಮಾಡುತ್ತೆ, ಹಾಗ್ಯಾಕೆ ಮಾಡುತ್ತೆ ಅಂತ. ನೀವು ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ರಿ. ನಿಮ್ಮನ್ನ ಕೇಳಿದ್ರೆ ತಪ್ಪು ಹುಡುಕ್ತಿದ್ದೀನಿ ಅಂದ್ಕೋತೀರ ಅಂತ ಹೆದರಿಕೆ."

"ಮತ್ತೆ ಸಾಹೇಬ್ರ ಕೋಣೇಲಿ? ಬಾಗಿಲು ಹಾಕ್ಕೊಂಡು?"

"ಅವರು ಎಲ್ಲರಿಗೂ ಬಾಗಿಲು ಹಾಕ್ತಾರೆ. ಏಸಿ ತಣ್ಣಗೆ ಉಳೀಲಿ ಅಂತ." ಅವನು ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟ. "ನಾನು ಕೇಳ್ದೆ ಇದ್ದಿದ್ದು ಹೆದರಿ, ಅತ್ತೆ. ನೀವು ಹೇಳ್ದೆ ಇದ್ದಿದ್ದು ಯಾಕೆ?"

ಟ್ಯಾಗಮ್ಮ ಪುಸ್ತಕ ಮುಚ್ಚಿ ಅವನ ಕಡೆ ಸರಿಸಿದಳು. ಅವನು ಪುಸ್ತಕ ತೆಗೆದುಕೊಂಡು ಹೊರಟುಹೋದ.

ಸಂಜೆ ಮಗಳ ಫೋನು ಬಂತು. ಹಲೋ ಎನ್ನುವ ಮೊದಲೇ ಶುರುಮಾಡಿದಳು. "ಅಮ್ಮ, ಅವರನ್ನ ಅಲ್ಲಿಗೆ ಕಳಿಸಿದ್ದು ನಾನು. ಕಂಪನಿಲಿ ಬೇರೆ ಯಾರನ್ನೋ ಹಾಕಿದ್ರು. ಹೊರಗಿನೋರು ಬಂದು ಅಮ್ಮನ ಕೆಲಸ ನೋಡಿ ಗೇಲಿ ಮಾಡೋದು ಬೇಡ, ನೀವೇ ಕೇಳಿ ಹಾಕಿಸ್ಕೊಳ್ಳಿ ಅಂತ ನಾನೇ ಪ್ರಾಣ ತಿಂದಿದ್ದು. ಅಮ್ಮಂಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾಳೆ ಅಂದಿದ್ದೂ ನಾನೇ."

ಟ್ಯಾಗಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಹಾಗಾದ್ರೆ ಕಂಪನಿಯೋರು ಕಳಿಸಿದ್ರು ಅಂತ ಅವರು ಹೇಳಿದ್ದು ಸುಳ್ಳು."

"ಅಮ್ಮಾ! ಇಷ್ಟಾದ ಮೇಲೂ ಅದೇನಾ?"

ಫೋನು ಕಡಿದುಹೋಯಿತು. ತನ್ನ ಅನುಮಾನ ಸರಿಯಾಗಿಯೇ ಇತ್ತಲ್ಲ ಎಂದು ಒಂದು ಗಳಿಗೆ ಆಕೆಗೆ ಅನ್ನಿಸಿದ್ದು ನಿಜ. ಅವನು ಬೇಕೆಂದೇ ಬಂದಿದ್ದ, ಮುಚ್ಚಿಟ್ಟಿದ್ದ. ಕಾರಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಗಂಡ ಆ ರಾತ್ರಿ ಒಂದೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಮುಂದಿನ ಭಾನುವಾರ ಮಗಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಮುಖ್ಯಸ್ಥರು ಅಳಿಯನನ್ನು ಕಳಿಸಿಬಿಡುವ ಮಾತನ್ನು ನುಂಗಿಕೊಂಡರು. ಟ್ಯಾಗಮ್ಮನ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಸೇರಿತು. ಇನ್ನು ಮುಂದೆ ಯಾವ ಪುಟ ಬಳಕೆಗೆ ಹೋಗಬೇಕಾದರೂ ಆಕೆಯ ರುಜು ಸಾಲದು, ಇನ್ನೊಬ್ಬರದೂ ಬೇಕು ಎಂದಾಯಿತು. ಇಪ್ಪತ್ತೊಂದು ವರ್ಷ ಆಕೆಯ ಒಂದೇ ರುಜು ಸಾಕಾಗಿತ್ತು. ಆಕೆ ಪತ್ರ ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟಳು. ಅನ್ಯಾಯ ಎನ್ನಲು ಬಾಯಿ ಬರಲಿಲ್ಲ.

ಆ ಹೆಂಗಸಿಗೆ ಬರೆದುಕೊಟ್ಟಿದ್ದ ಸೋಮವಾರ ಟ್ಯಾಗಮ್ಮ ಎಂಟೂವರೆಗೇ ಹಜಾರದಲ್ಲಿ ನಿಂತಿದ್ದಳು. ಹೆಂಗಸು ಬಂದಳು. ಪರದೆಯ ಮೇಲೆ ಹೆಸರು ಬಂದರೂ ನಂಬದೆ, ಟ್ಯಾಗಮ್ಮ ಅವಳ ಕೈ ಹಿಡಿದು ತಾನೇ ಏಳನೇ ಕೊಠಡಿಯೊಳಗೆ ಕೂರಿಸಿದಳು. ತಂತ್ರಜ್ಞ ಮಶೀನು ಕೂರಿಸಿ, ತಿರುವಿ, ಮತ್ತೆ ತಿರುವಿದ. ಹೆಂಗಸು ತಟ್ಟನೆ ತಲೆಯೆತ್ತಿ ಸೂರಿನ ಫ್ಯಾನನ್ನು ನೋಡಿದಳು.

"ಇದು ಯಾವಾಗ್ಲೂ ಹೀಗೇ ಗೋಳಾಡುತ್ತಾ?" ಎಂದು ಜೋರಾಗಿ ಕೇಳಿದಳು. ತನ್ನ ದನಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು. ತಂತ್ರಜ್ಞ ನಕ್ಕ. ಟ್ಯಾಗಮ್ಮನಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮೇಲೆ ಬಂದವಳು ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಅಳಿಯನ ಮೇಜಿನ ಪಕ್ಕ ಹಾಕಿ ಕೂತಳು.

"ಆ ಪುಸ್ತಕ ತೆಗೀರಿ."

ಅಳಿಯ ಅದರ ಮೇಲೆ ಕೈಯಿಟ್ಟುಕೊಂಡ. "ಯಾಕೆ?"

"ಎಷ್ಟು ಪ್ರಶ್ನೆ ಇದೆ ಅದ್ರಲ್ಲಿ?"

"ಮೂವತ್ತೆಂಟು." ಅವನು ಮುಖ್ಯಸ್ಥರ ಕೋಣೆಯ ಕಡೆ ನೋಡಿದ. "ಸಾಹೇಬ್ರು ಹೇಳಿ ಕಳಿಸಿದ್ರಾ?"

"ಇಲ್ಲ."

"ನಿಮ್ಮ ಮಗಳು?"

"ಅವಳು ನನ್ನ ಜೊತೆ ಮಾತು ಬಿಟ್ಟಿದಾಳೆ, ನಿಮಗೇ ಗೊತ್ತು. ಒಂದರಿಂದ ಶುರುಮಾಡಿ."

ಅವನು ಒಂದನೇ ಪ್ರಶ್ನೆ ಕೇಳಿದ. ಆಕೆ ಹೇಳಿದಳು. ಅವನು ಬರೆದುಕೊಂಡ, ಆದರೆ ಅಲ್ಲಿಗೇ ಬಿಡಲಿಲ್ಲ. ಹಳೆಯ ಪುಟವನ್ನು ಓಡಿಸಿ, ಹೊಸ ಪುಟವನ್ನು ಓಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಎರಡನೇ ಪ್ರಶ್ನೆಗೂ ಹಾಗೇ ಮಾಡಿದ. ಮೂರನೆಯದಕ್ಕೂ. ಆಕೆಯ ಮಾತನ್ನು ಅವನು ನಂಬುತ್ತಿರಲಿಲ್ಲ. ಅದು ನೇರ ಎದೆಗೆ ನಾಟಿತು. ಅಲ್ಲಿಯವರೆಗೆ ತಾನು ಎಷ್ಟೋ ಜನರಿಗೆ ಮಾಡಿದ್ದು ಇದನ್ನೇ ಎಂದು ಗೊತ್ತಿದ್ದರೂ ನಾಟುವುದೇನೂ ಕಡಿಮೆಯಾಗಲಿಲ್ಲ.

"ಇದ್ರಲ್ಲಿ ಏನೂ ಮುಚ್ಚಿಟ್ಟಿಲ್ಲ ಅಲ್ವಾ?" ಎಂದು ಅವನು ಏಳೆಂಟು ಪ್ರಶ್ನೆಯಾದ ಮೇಲೆ ಕೇಳಿಯೇಬಿಟ್ಟ.

"ಓಡಿಸಿ ನೋಡಿ," ಎಂದಳು. "ಪ್ರತಿಯೊಂದನ್ನೂ ಓಡಿಸಿ ನೋಡಿ. ಬರೀ ಅಂಕೆ ಅಲ್ಲ, ಹೆಸರು ಇಲ್ದೆ ಇರೋರು, ಎರಡು ಸಲ ಬಂದೋರು, ವಯಸ್ಸು ಬರೀದೆ ಇರೋರು, ಎಲ್ಲರನ್ನೂ ಹಾಕಿ ನೋಡಿ. ನಾನು ಹೇಳ್ದೆ ಅಂತ ಬಿಡ್ಬೇಡಿ."

ಹತ್ತೊಂಬತ್ತನೇ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ತಪ್ಪಾಗಿತ್ತು. ಇಪ್ಪತ್ತೊಂದು ವರ್ಷ ತಪ್ಪಾಗಿಯೇ ತಿಳಿದುಕೊಂಡಿದ್ದಳು. ಅವನು ಓಡಿಸಿ ತೋರಿಸಿದಾಗ, ಆಕೆ ಅದನ್ನು ಮತ್ತೆ ಓಡಿಸಿ ಎಂದಳು. ಮತ್ತೆ ಓಡಿಸಿದ. "ಹೌದು," ಎಂದಳು ಕೊನೆಗೆ. "ನೀವು ಹೇಳಿದ್ದೇ ಸರಿ." ಅವನು ಆ ಮಾತನ್ನೂ ಅನುಮಾನದಿಂದಲೇ ಕೇಳಿಸಿಕೊಂಡಂತೆ ಕಂಡಿತು. ಆದರೆ ಮುಂದಿನ ಪ್ರಶ್ನೆಗೆ ಪುಸ್ತಕವನ್ನು ಆಕೆಯ ಕಡೆಗೂ ಕಾಣುವಂತೆ ತುಸು ತಿರುಗಿಸಿ ಇಟ್ಟ.

ಕೆಲಸ ಮುಗಿಯುವಾಗ ಗಡುವಿನ ಮೇಲೆ ಒಂಬತ್ತು ದಿನವಾಗಿತ್ತು. ಕೊನೆಯ ಹನ್ನೆರಡು ಪುಟ ಬಳಕೆಗೆ ಹೋದದ್ದು ಒಂದು ಬುಧವಾರ. ಕಾಗದದ ಮೇಲೆ ಎರಡು ರುಜು ಬಿತ್ತು, ಆಕೆಯದೂ ಅವನದೂ. ಎಂಟು ಗಂಟೆಗೆ ಇಬ್ಬರೂ ಕೆಳಗಿಳಿದರು. ಅವನು ಒಂದನೇ ಕಿಟಕಿಯ ಬಳಿ ಗುಮಾಸ್ತೆಯ ಪಕ್ಕ ನಿಂತು ಚೀಟಿಗಳ ಸಂಖ್ಯೆ ಕೂಗಿದ. ಆಕೆ ಹಜಾರದ ಉದ್ದಕ್ಕೂ ಒಂದೊಂದು ಪರದೆಯ ಮುಂದೆ ನಿಂತು, ಹೆಸರು ಬಂದಾಗ ಕೈಯೆತ್ತಿದಳು. ಒಮ್ಮೊಮ್ಮೆ ಹೆಸರು ಬರಲು ನಾಲ್ಕೈದು ಸೆಕೆಂಡು ತಡವಾಗುತ್ತಿತ್ತು. ಆಗ ಅವನು ಅಲ್ಲಿಂದ ಕತ್ತು ಚಾಚಿ ಆಕೆಯ ಕೈಯನ್ನೇ ನೋಡುತ್ತಿದ್ದ. ಕೈ ಮೇಲೇಳುತ್ತಿತ್ತು. ಆಯಾ ಇಬ್ಬರನ್ನೂ ನೋಡಿ, ಇವರಿಗೇನಾಗಿದೆ ಎಂಬಂತೆ ತಲೆ ಕೊಡವಿ ತನ್ನ ಕೆಲಸಕ್ಕೆ ಹೋದಳು.

ಹನ್ನೊಂದು ಗಂಟೆಯ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹಜಾರದ ಆ ತುದಿಯಿಂದ ಈ ತುದಿಗೆ ನಡೆದು ಬಂದು ಅದನ್ನು ಆಕೆಯ ಮುಂದೆ ಹಿಡಿದ.

"ನಿಮ್ಮ ಮಗಳು. ನಿಮ್ಮ ಹತ್ರ ಮಾತಾಡ್ಬೇಕಂತೆ."

"ನಿಮ್ಮ ಫೋನಿಗೆ ಯಾಕೆ ಮಾಡಿದಾಳೆ?" ಎಂದಳು ಟ್ಯಾಗಮ್ಮ.

ಅಳಿಯ ಫೋನು ಹಿಡಿದುಕೊಂಡೇ ನಿಂತ. ಆಕೆ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು.